ಬಿಡ್ತು ಅನ್ನಿ

ನಮ್ಮ ಮನೆಗಳಲ್ಲಿ ಕೆಟ್ಟದ್ದನ್ನು ಬಾಯಿಬಿಟ್ಟು ಆಡಕೂಡದೆಂಬ ನಿಯಮ ಉಂಟಷ್ಟೆ. "ಈ ಗೋಡೆ ಬಿದ್ದುಹೋದರೆ ಏನು ಮಾಡೋದಜ್ಜಿ?" ಎಂದು ಹುಡುಗ ಕೇಳಿದನೋ ಇಲ್ಲವೋ, ಅಡಿಗೆಮನೆಯಿಂದ ಅಜ್ಜಿಯ ಧ್ವನಿ ತಟ್ಟನೆ ಬರುತ್ತಿತ್ತು: "ಬಿಡ್ತು ಅನ್ನೋ!" ಹುಡುಗ "ಬಿಡ್ತು" ಎನ್ನುತ್ತಿದ್ದ. ಗೋಡೆ ನಿಂತೇ ಇರುತ್ತಿತ್ತು. ಆಕಾಶದಲ್ಲಿ ಅಸ್ತು ದೇವತೆಗಳು ಸದಾ ಓಡಾಡುತ್ತಿರುತ್ತಾರಂತೆ. ನಾವು ಆಡಿದ ಮಾತಿಗೆ ಅವರು "ಅಸ್ತು" ಎಂದುಬಿಟ್ಟರೆ ಅದು ಹಾಗೆಯೇ ಆಗಿಬಿಡುತ್ತದಂತೆ. ಪರೀಕ್ಷೆಯಲ್ಲಿ ಮೊದಲನೆಯವನಾಗುತ್ತೇನೆ ಎಂದು ನಾನು ಎಷ್ಟೋ ಸಲ ಗಟ್ಟಿಯಾಗಿ ಹೇಳಿದ್ದುಂಟು. ಆಗ ಮಾತ್ರ ಆ ದೇವತೆಗಳು ನಮ್ಮ ಬೀದಿಯ ಕಡೆ ಬಂದಂತೆ ಕಾಣಲಿಲ್ಲ.

ಇಂಥ ಮನೆಯಲ್ಲಿ ಬೆಳೆದ ನನಗೆ ಈಚೆಗೆ ಒಂದು ವಿಚಿತ್ರವಾದ ಕೆಲಸ ಒದಗಿತು. ನಮ್ಮ ಬಡಾವಣೆಗೆ ಬರಬಹುದಾದ ಕೇಡುಗಳನ್ನೆಲ್ಲ ಒಂದೊಂದಾಗಿ ಬರೆದು, ಯಾವುದು ದೊಡ್ಡದು, ಯಾವುದು ಚಿಕ್ಕದು ಎಂದು ತೂಗಿ, ಪಟ್ಟಿಮಾಡಿ ಕೊಡಬೇಕು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವದ ಕಡೆ ಕೆರೆಗಳು ಕೋಡಿ ಹರಿದು, ಕೋಟಿಗಟ್ಟಲೆ ಬೆಲೆಯ ಮನೆಗಳವರು ಟ್ರ್ಯಾಕ್ಟರುಗಳ ಮೇಲೆ ಕುಳಿತು ಹೊರಗೆ ಬಂದುದನ್ನು ವಾಚಕರು ಮರೆತಿರಲಾರರು. ಅಂದಿನಿಂದ ನಮ್ಮ ಬಡಾವಣೆಯ ಸಂಘದವರಿಗೂ ಒಳಗೊಳಗೇ ಅಳುಕು. "ನಮಗೂ ಒಂದು ತುರ್ತು ಯೋಜನೆ ಬೇಕು" ಎಂದು ಸಭೆಯಲ್ಲಿ ತೀರ್ಮಾನವಾಯಿತು. ಯೋಜನೆಗೆ ಮೊದಲು ಅಪಾಯಗಳ ಅಂದಾಜು ಬೇಕು. ಅಂದಾಜಿಗೆ ಲೆಕ್ಕ ಬೇಕು. ಲೆಕ್ಕವೆಂದರೆ ಮೂವತ್ತೈದು ವರ್ಷ ಗಣಿತ ಪಾಠ ಹೇಳಿ ನಿವೃತ್ತನಾದ ನಾನು ಇದ್ದೇ ಇದ್ದೇನೆ. ಹೀಗೆ ಆ ಕಾಗದಗಳು ನನ್ನ ಕೈಗೆ ಬಂದುವು.

ವಿಧಾನವೇನೋ ಸರಳವಾದುದು. ಮೊದಲನೆಯ ಅಂಕಣದಲ್ಲಿ ಅಪಾಯದ ಹೆಸರು. ಎರಡನೆಯದರಲ್ಲಿ ಅದು ಸಂಭವಿಸುವ ಸಾಧ್ಯತೆಗೆ ಒಂದರಿಂದ ಐದರವರೆಗೆ ಒಂದು ಅಂಕ. ಮೂರನೆಯದರಲ್ಲಿ ಅದರಿಂದಾಗುವ ನಷ್ಟಕ್ಕೆ ಒಂದರಿಂದ ಐದರವರೆಗೆ ಇನ್ನೊಂದು ಅಂಕ. ಎರಡನ್ನೂ ಗುಣಿಸಿದರೆ ನಾಲ್ಕನೆಯ ಅಂಕಣ ತುಂಬುತ್ತದೆ. ಇಪ್ಪತ್ತೈದು ಬಂದರೆ ಮಹಾವಿಪತ್ತು, ಒಂದು ಬಂದರೆ ನೆಮ್ಮದಿ. ಲೋಕದ ಅನೇಕ ದೇಶಗಳಲ್ಲಿ ದೊಡ್ಡ ದೊಡ್ಡ ಕಚೇರಿಗಳು ಮಾಡುವುದೂ ಹೆಚ್ಚುಕಡಮೆ ಇದನ್ನೇ. ನಾಲ್ಕನೆಯ ತರಗತಿಯ ಮಗ್ಗಿ ಬಂದರೆ ಸಾಕು.

ನಾನು ಜಗಲಿಯ ಮೇಲೆ ಕುಳಿತು, ಕಾಫಿ ಕುಡಿಯುತ್ತ, ಬಲು ಉತ್ಸಾಹದಿಂದ ಬರೆಯತೊಡಗಿದೆ. ಬೆಂಕಿ. ಅಡಿಗೆ ಅನಿಲದ ಸಿಲಿಂಡರು. ಹಳೆಯ ಗುಲ್ಮೊಹರ್ ಮರ ಬೀಳುವುದು. ವಿದ್ಯುತ್ತಿನ ತಂತಿ ಹರಿಯುವುದು. ಭೂಕಂಪ. ಸಾಂಕ್ರಾಮಿಕ ರೋಗ. ರಾಜಕಾಲುವೆಯ ನೀರು ಮೇಲೇರುವುದು. ಒಂದೊಂದು ಹೆಸರು ಬರೆದಂತೆಲ್ಲ ಗಟ್ಟಿಯಾಗಿ ಓದುತ್ತಿದ್ದೆನೆಂದು ಕಾಣುತ್ತದೆ, ಒಳಗಿನಿಂದ ನನ್ನ ಹೆಂಡತಿಯ ಧ್ವನಿ ಬಂದಿತು: "ಬೆಳಗ್ಗೆ ಬೆಳಗ್ಗೆ ಏನಿದು? ಬಿಡ್ತು ಅನ್ನಿ!"

ಎರಡನೆಯ ಅಂಕಣದಲ್ಲಿಯೇ ನನಗೆ ಮೊದಲನೆಯ ತೊಡಕು ಬಂದಿತು. ಸಾಧ್ಯತೆಯನ್ನು ಅಳೆಯುವುದು ಹೇಗೆ? "ನೂರು ವರ್ಷಕ್ಕೊಮ್ಮೆ ಬರುವ ನೆರೆ" ಎಂದು ಎಂಜಿನಿಯರುಗಳು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಕೇಳಿದೊಡನೆ ಮನಸ್ಸಿಗೆ ಸಮಾಧಾನವಾಗುತ್ತದೆ: ಈಗತಾನೆ ಒಂದು ಬಂದುಹೋಯಿತು, ಇನ್ನು ಮೊಮ್ಮಕ್ಕಳ ಕಾಲಕ್ಕೆ. ಆದರೆ ಆ ಮಾತಿನ ಅರ್ಥ ಹಾಗಲ್ಲ. ಪ್ರತಿ ವರ್ಷವೂ ಅಂಥ ನೆರೆ ಬರುವ ಸಾಧ್ಯತೆ 100ರಲ್ಲಿ 1 ಎಂದಷ್ಟೇ ಅದರ ಅರ್ಥ. ಹೋದ ವರ್ಷ ಬಂದಿತೆಂದು ಈ ವರ್ಷ ಅದು ರಜಾ ತೆಗೆದುಕೊಳ್ಳುವುದಿಲ್ಲ. ಮೂವತ್ತು ವರ್ಷ ಒಂದೇ ಮನೆಯಲ್ಲಿ ಬಾಳುವವನು ಅದನ್ನು ಒಮ್ಮೆಯಾದರೂ ಕಾಣುವ ಸಾಧ್ಯತೆ ಎಷ್ಟೆಂದು ಲೆಕ್ಕಹಾಕಿದರೆ 100ರಲ್ಲಿ ಸುಮಾರು 26 ಬರುತ್ತದೆ. ನಾಲ್ಕರಲ್ಲಿ ಒಂದು! "ನೂರು ವರ್ಷಕ್ಕೊಮ್ಮೆ" ಎಂದಾಗ ನಿದ್ದೆ ಬರುತ್ತದೆ; "ನಾಲ್ಕರಲ್ಲಿ ಒಂದು" ಎಂದಾಗ ಎದ್ದು ಕೂರುತ್ತೇವೆ. ಲೆಕ್ಕ ಎರಡರಲ್ಲೂ ಒಂದೇ.

ನಕ್ಷೆಗಳನ್ನು ನಂಬೋಣವೆಂದರೆ ಕಿಲ್ಲಾರಿಯ ನೆನಪು ಬರುತ್ತದೆ. ನಮ್ಮ ಬೀದರ, ಕಲಬುರಗಿ ಜಿಲ್ಲೆಗಳಿಗೆ ದೂರವಲ್ಲದ ಲಾತೂರು ಜಿಲ್ಲೆಯ ಊರು ಅದು. ಆಗಿನ ಭೂಕಂಪ ನಕ್ಷೆಯಲ್ಲಿ ಆ ಸೀಮೆಗೆ ಅತ್ಯಂತ ಕಡಮೆ ಅಪಾಯದ ವಲಯವೆಂಬ ಬಣ್ಣ ಬಳಿದಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಸ್ವಲ್ಪ ಮುಂಚೆ, ಭೂಮಿ ನಡುಗಿತು. ಏಳು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರನ್ನು ಕೊಂದುದು ಬರಿಯ ಭೂಕಂಪವೆನ್ನುವಂತಿಲ್ಲ. ಮಣ್ಣಿನ ಗಾರೆಯಲ್ಲಿ ದಪ್ಪ ದಪ್ಪ ಕಲ್ಲು ಪೇರಿಸಿ ಕಟ್ಟಿದ ಗೋಡೆಗಳು, ಅವುಗಳ ಮೇಲೆ ಭಾರವಾದ ಮಣ್ಣಿನ ಮಾಳಿಗೆ. ಬಿಸಿಲಿಗೆ ತಂಪು ಕೊಡುತ್ತಿದ್ದ ಆ ಮನೆಗಳೇ ಮಲಗಿದ್ದವರ ಮೇಲೆ ಕುಸಿದುವು. ಮುಂದೆ 2002ರಲ್ಲಿ ನಕ್ಷೆಯನ್ನು ತಿದ್ದುವಾಗ ಆ "ಒಂದನೆಯ ವಲಯ"ವನ್ನೇ ತೆಗೆದುಹಾಕಿದರು. ಅಪಾಯವೆಂಬುದು ಹೊರಗಿನಿಂದ ಬರುವ ಪೆಟ್ಟು ಮಾತ್ರವಲ್ಲ, ಪೆಟ್ಟು ಬೀಳುವ ಮೈ ಎಂಥದು ಎಂಬುದೂ ಹೌದು. ನನ್ನ ಪಟ್ಟಿಯಲ್ಲಿ ಹೊರಗಿನ ಪೆಟ್ಟುಗಳ ಹೆಸರು ಮಾತ್ರ ಇತ್ತು. ಇದನ್ನು ಯೋಚಿಸಿ ಒಂದೆರಡು ಅಂಕಗಳನ್ನು ತಿದ್ದಿದೆ. ಅಲ್ಲಿಗೆ ನಾನು ವಿವೇಕಿಯಾದೆನೆಂದೂ ತಿಳಿದುಕೊಂಡೆ.

ಮೂರನೆಯ ಅಂಕಣಕ್ಕೆ ಬಂದೆ. ರಾಜಕಾಲುವೆಯ ನೀರು ಮೇಲೇರಿದರೆ ನಷ್ಟವೆಷ್ಟು? ನಮ್ಮ ಬಡಾವಣೆ ಏರಿನ ಮೇಲಿದೆ. ಕಾಲುವೆಯ ಪಕ್ಕದ ಕಡೆಯ ರಸ್ತೆಯೊಂದರಲ್ಲಿ ಮಾತ್ರ ನಾಲ್ಕಾರು ಮನೆಗಳ ನೆಲಮಾಳಿಗೆಗೆ ಹಿಂದೆ ನೀರು ನುಗ್ಗುತ್ತಿತ್ತು. ಅದಕ್ಕೂ ನಾವು 2019ರಲ್ಲಿ ಪರಿಹಾರ ಮಾಡಿಕೊಂಡಿದ್ದೆವು. ಆದುದರಿಂದ ಸಾಧ್ಯತೆ ಮೂರು, ನಷ್ಟ ಒಂದು, ಗುಣಲಬ್ಧ ಮೂರು ಎಂದು ಬರೆದೆ. ಮರ ಬೀಳುವುದಕ್ಕೆ ಹನ್ನೆರಡು ಬಂದಿತ್ತು.

ಆಗ ಹೂವಿನಾಕೆ ಬಂದಳು. ಹತ್ತು ಹನ್ನೆರಡು ವರ್ಷಗಳಿಂದ ದಿನವೂ ಬೆಳಗ್ಗೆ ನಮ್ಮ ಮನೆಗೆ ಎರಡು ಮೊಳ ಮಲ್ಲಿಗೆಯನ್ನೋ ಸೇವಂತಿಗೆಯನ್ನೋ ಕೊಟ್ಟು ಹೋಗುವಾಕೆ. ಮಂಕರಿಯನ್ನು ಜಗಲಿಯ ಮೇಲಿಟ್ಟು, ನನ್ನ ಮುಂದೆ ಹರಡಿದ್ದ ಬಡಾವಣೆಯ ನಕ್ಷೆಯನ್ನು ನೋಡಿದಳು.

"ಏನ್ ಮೇಷ್ಟ್ರೇ, ಸೈಟಿನ ನಕ್ಷೆನಾ?"

ನಾನು ವಿವರಿಸಿದೆ. ಯಾವ ಯಾವ ಅಪಾಯ ಎಲ್ಲೆಲ್ಲಿ ಬರಬಹುದೆಂದು ಗುರುತು ಮಾಡುತ್ತಿದ್ದೇನೆ, ಮೊದಲೇ ತಿಳಿದಿದ್ದರೆ ಒಳ್ಳೆಯದಲ್ಲವೆ ಎಂದೆ. ಆಕೆ ತಲೆದೂಗಿದಳು. ಬೆರಳಿನಿಂದ ಕಾಲುವೆಯ ಗೆರೆಯನ್ನು ಹಿಡಿದುಕೊಂಡು ಹೋದಳು. ಗೆರೆಯ ಆಚೆ ಬಿಳಿಯ ಕಾಗದ.

"ಇದ್ರಲ್ಲಿ ನಮ್ ಬೀದಿ ಎಲ್ಲೈತೆ?"

ಆಕೆಯ ಬೀದಿ ಕಾಲುವೆಯ ಆಚೆಯ ದಡದಲ್ಲಿ. ನಮ್ಮ ಮನೆಯಿಂದ ನಡೆದರೆ ಏಳೆಂಟು ನಿಮಿಷ. ನಕ್ಷೆ ಅಲ್ಲಿಯವರೆಗೆ ಇಲ್ಲ, ಅದು ನಮ್ಮ ಬಡಾವಣೆಗೆ ಸೇರಿದುದಲ್ಲ ಎಂದು ಹೇಳಿದೆ. ಆಕೆಗೆ ಕೋಪವೇನೂ ಬರಲಿಲ್ಲ. "ಹೌದೇಳಿ, ಅದು ಬೇರೆ" ಎಂದು ಹೂವನ್ನು ಅಳೆದು ಕೊಟ್ಟು ಹೊರಟುಹೋದಳು. ಆದರೆ ನನಗೆ ಮುಂದಿನ ಸಾಲು ಬರೆಯಲಾಗಲಿಲ್ಲ. ಸಂಜೆ ಕೋಲು ಹಿಡಿದು ಆಕೆಯ ಬೀದಿಗೆ ಹೊರಟೆ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅಲ್ಲಿಗೆ ಹೋಗಿರಲಿಲ್ಲವೆಂಬುದು ಹಾದಿಯಲ್ಲಿ ಹೊಳೆಯಿತು.

ಮೂವತ್ತು ಮೂವತ್ತೈದು ಮನೆಗಳ ಬೀದಿ. ಕೆಲವು ಹಂಚಿನವು, ಹೆಚ್ಚಿನವು ತಗಡಿನವು. ಪ್ರತಿ ಮನೆಯ ಗೋಡೆಯ ಮೇಲೂ ಮೊಳಕಾಲೆತ್ತರಕ್ಕೆ ಒಂದು ಮಾಸಲು ಗೆರೆ. ನೀರು ಬಂದು ನಿಂತ ಗುರುತು. ಹೂವಿನಾಕೆ ನನ್ನನ್ನು ಕಂಡು ಗಾಬರಿಯಾಗಿ ಕುರ್ಚಿ ತರಿಸಿದಳು. ಪೆಟ್ಟಿಗೆ, ಅಕ್ಕಿಯ ಡಬ್ಬ, ಮಕ್ಕಳ ಅಂಕಪಟ್ಟಿ, ಪಡಿತರ ಚೀಟಿ, ಎಲ್ಲವೂ ಅಟ್ಟದ ಮೇಲಿದ್ದುವು. ಮಳೆಗಾಲ ಮುಗಿಯುವವರೆಗೆ ಅವು ಕೆಳಗಿಳಿಯುವುದಿಲ್ಲವಂತೆ. ಕಾಲುವೆಯ ಮೋರಿಯ ಬಳಿ ಒಂದು ಚಪ್ಪಡಿ ಕಲ್ಲಿದೆ. ಜೋರು ಮಳೆಯ ರಾತ್ರಿ ಮನೆಗೊಬ್ಬರಂತೆ ಸರದಿಯ ಮೇಲೆ ಎಚ್ಚರವಾಗಿದ್ದು ಆ ಕಲ್ಲನ್ನು ನೋಡುತ್ತಾರೆ. ಕಲ್ಲು ಕಾಣುತ್ತಿದ್ದರೆ ಮಲಗಬಹುದು. ಕಲ್ಲು ಮುಳುಗಿದರೆ ತಟ್ಟೆ ಬಾರಿಸಿ ಎಲ್ಲರನ್ನೂ ಎಬ್ಬಿಸುತ್ತಾರೆ. ಮೊದಲು ನಡೆಯಲಾರದ ಇಬ್ಬರು ಮುದುಕಿಯರು, ಆಮೇಲೆ ಮಕ್ಕಳು, ಆಮೇಲೆ ಉಳಿದವರು. ಹೋಗುವುದೆಲ್ಲಿಗೆ? ಮುಖ್ಯರಸ್ತೆಯ ಅಂಗಡಿಗಳ ಜಗಲಿಗೆ.

ನಾನು ಕುಳಿತು ಯೋಚಿಸಿದೆ. ಅಪಾಯವನ್ನು ಗುರುತಿಸಿದ್ದಾರೆ, ಮುನ್ಸೂಚನೆಗೆ ಒಂದು ಅಳತೆಯಿದೆ, ಕಾವಲಿದೆ, ಯಾರನ್ನು ಮೊದಲು ಎತ್ತಬೇಕೆಂಬ ಕ್ರಮವಿದೆ. ನಮ್ಮ ಸಂಘ ಮೂರು ಸಭೆ ಸೇರಿ ಮಾಡಲಾರದ ಯೋಜನೆಯನ್ನು ಇವರು ಕಾಗದವೇ ಇಲ್ಲದೆ ಮಾಡಿಕೊಂಡಿದ್ದಾರೆ. ಇಲ್ಲದಿರುವುದು ಹೋಗಲು ಒಂದು ಸೂರು ಮಾತ್ರ.

"ಮುಂಚೆ ಇಷ್ಟು ಬರ್ತಿತ್ತೇನಮ್ಮ?" ಎಂದು ಕೇಳಿದೆ.

"ಮುಂಚೆ ಹೊಸಲು ಮುಟ್ತಿತ್ತು, ಅಷ್ಟೆ. ಈಗ ಮೂರ್ನಾಕು ವರ್ಷದಿಂದ ಹಿಂಗೆ. ಆ ಕಡೆ ಗೋಡೆ ಎತ್ತರ ಮಾಡಿದ ಮೇಲೆ."

ಆ ಕಡೆಯ ಗೋಡೆ ನಮ್ಮದು. 2019ರ ಪರಿಹಾರವೆಂದು ಹೇಳಿದೆನಲ್ಲ, ಅದು ಇದೇ. ಕಾಲುವೆಯ ನಮ್ಮ ದಡದ ಗೋಡೆಯನ್ನು ಎತ್ತರಿಸಬೇಕೆಂದು ಅರ್ಜಿ ಬರೆದಾಗ, ಭಾಷೆ ಶುದ್ಧವಾಗಿರಲೆಂದು ಕರಡನ್ನು ನನ್ನಿಂದ ತಿದ್ದಿಸಿದ್ದರು. ಮೂರನೆಯದೋ ನಾಲ್ಕನೆಯದೋ ಸಹಿ ನನ್ನದು. ಆ ಗೋಡೆ ಯಾರದೆಂದು ಆಕೆಗೆ ತಿಳಿದಿತ್ತೋ ಇಲ್ಲವೋ, ನನಗೆ ಕೇಳುವ ಧೈರ್ಯ ಬರಲಿಲ್ಲ. ಕಾಫಿ ಕುಡಿದು ಎದ್ದು ಬಂದೆ. ಈ ಬೀದಿಯವರೂ ನನ್ನಂತೆಯೇ ಒಂದು ಪಟ್ಟಿ ಬರೆದರೆ, ಮೊದಲನೆಯ ಅಂಕಣದಲ್ಲಿ ಅಪಾಯದ ಹೆಸರೆಂದು ನಮ್ಮ ಬಡಾವಣೆಯ ಹೆಸರನ್ನೇ ಬರೆಯಬೇಕಾಗುತ್ತದೆ.

ದುರ್ಗಸಿಂಹನ ಪಂಚತಂತ್ರವನ್ನು ಓದದವರಿಗೂ ಮೂರು ಮೀನುಗಳ ಕಥೆ ಗೊತ್ತು. ಬೆಸ್ತರು ಬರುವರೆಂದು ಮೊದಲೇ ತಿಳಿದು ಬೇರೆ ಕೊಳಕ್ಕೆ ಹೋದ ಅನಾಗತವಿಧಾತ. ಬಲೆಗೆ ಬಿದ್ದ ಮೇಲೆ ಸತ್ತಂತೆ ನಟಿಸಿ ಪಾರಾದ ಪ್ರತ್ಯುತ್ಪನ್ನಮತಿ. ಆಗುವುದು ಆಗಲಿ ಎಂದು ಕುಳಿತು ಸತ್ತ ಯದ್ಭವಿಷ್ಯ. ತರಗತಿಯಲ್ಲಿ ನಾನೂ ಈ ಕಥೆ ಹೇಳಿ, ಮಕ್ಕಳೇ, ಮೊದಲನೆಯ ಮೀನಿನಂತಿರಿ ಎಂದಿದ್ದೇನೆ. ಈಗ ಆ ಕಥೆಯ ವಿಷಯದಲ್ಲಿ ನನಗೊಂದು ಸಂದೇಹ. ಅಲ್ಲಿ ಹೊರಗೆ ಹೋಗುವ ದಾರಿ ಮೂರು ಮೀನುಗಳಿಗೂ ಒಂದೇ ಸಮನಾಗಿ ತೆರೆದಿತ್ತು; ಹೋಗದಿದ್ದುದು ಯದ್ಭವಿಷ್ಯನ ಸೋಮಾರಿತನ. ನಮ್ಮ ಊರಿನ ಕೊಳದಲ್ಲಿ ಆ ದಾರಿಗೆ ಬಾಡಿಗೆಯೂ ಮುಂಗಡವೂ ಉಂಟು. ಹೂವಿನಾಕೆಗೆ ಮುನ್ನೋಟ ಕಡಮೆಯಿಲ್ಲ. ನನಗಿಂತ ಹೆಚ್ಚೇ ಇದೆ. ಆದರೂ ಆಕೆ ತಗ್ಗಿನಲ್ಲಿಯೇ ಇರಬೇಕು. ಇನ್ನು ಮೊದಲನೆಯ ಮೀನು ಹೋಗುವಾಗ ತನ್ನ ಹಿಂದೆ ಕಾಲುವೆಗೆ ಅಡ್ಡಗೋಡೆ ಹಾಕಿಕೊಂಡು ಹೋಗಿದ್ದರೆ ಅದನ್ನು ವಿವೇಕಿಯೆಂದು ಕರೆಯುತ್ತಿದ್ದೆವೆ?

ನನ್ನ ಮೂರನೆಯ ಅಂಕಣದ ತಪ್ಪು ಈಗ ಕಾಣತೊಡಗಿತು. ನಾನು ನಷ್ಟವನ್ನು ರೂಪಾಯಿಯಲ್ಲಿ ಅಳೆದಿದ್ದೆ. ನೆಲಮಾಳಿಗೆಯಲ್ಲಿ ನೀರು ನುಗ್ಗಿ ಹತ್ತು ಲಕ್ಷದ ಕಾರೊಂದು ಕೆಟ್ಟರೆ ನಷ್ಟ ಹತ್ತು ಲಕ್ಷ. ಹೂವಿನಾಕೆಯ ಮನೆಗೆ ನೀರು ನುಗ್ಗಿದರೆ, ಅಕ್ಕಿ, ಹಾಸಿಗೆ, ಹೊಲಿಗೆಯಂತ್ರ ಎಲ್ಲ ಸೇರಿ ಇಪ್ಪತ್ತು ಸಾವಿರವಾದೀತು. ರೂಪಾಯಿಯ ತಕ್ಕಡಿಯಲ್ಲಿ ಕಾರು ಐವತ್ತು ಮನೆಗಳಿಗೆ ಸಮ. ಆದರೆ ಕಾರಿಗೆ ವಿಮೆಯಿದೆ. ತಿಂಗಳೊಳಗೆ ಹೊಸದು ಬಂದೀತು. ಆಕೆಯ ಇಪ್ಪತ್ತು ಸಾವಿರವೆಂದರೆ ಬಡ್ಡಿಯ ಸಾಲ, ಮಗನ ಕಾಲೇಜಿನ ಶುಲ್ಕ, ಮೂರು ವರ್ಷದ ದುಡಿಮೆ. ನಮ್ಮ ದೇಶದ 2005ರ ವಿಪತ್ತು ನಿರ್ವಹಣೆಯ ಕಾಯಿದೆ ವಿಪತ್ತೆಂದರೇನು ಎಂಬುದನ್ನು ವಿವರಿಸುವಾಗ ನಷ್ಟದ ಮಾತು ಹೇಳಿ ನಿಲ್ಲಿಸುವುದಿಲ್ಲ. ಅದು ಆ ಸ್ಥಳದ ಜನ ನಿಭಾಯಿಸಬಲ್ಲ ಶಕ್ತಿಯನ್ನು ಮೀರಿದುದಾಗಿರಬೇಕು ಎಂದು ಸೇರಿಸುತ್ತದೆ. ಪ್ರತಿ ಜಿಲ್ಲೆಯೂ ಯೋಜನೆ ಮಾಡಬೇಕು, ಯಾವ ಪ್ರದೇಶಗಳು ಯಾವ ವಿಪತ್ತಿಗೆ ಈಡಾಗಬಲ್ಲುವೆಂದು ಅದರಲ್ಲಿ ತೋರಿಸಬೇಕು, ಅದನ್ನು ವರ್ಷಕ್ಕೊಮ್ಮೆ ಪರಿಶೀಲಿಸಬೇಕು ಎಂದೂ ಆ ಕಾಯಿದೆಯಲ್ಲಿದೆ. ಕಾಯಿದೆಯ ಮಾತು ಸಾಮಾನ್ಯವಾಗಿ ಒಣಗಿದ್ದಾಗಿರುತ್ತದೆ. ಆದರೆ ಇಲ್ಲಿ ಅದು ನನ್ನ ಗಣಿತಕ್ಕಿಂತ ನ್ಯಾಯವಾಗಿದೆ. ಒಂದೇ ಮೊಳದ ನೀರು ಒಂದು ಮನೆಗೆ ತೊಂದರೆ, ಇನ್ನೊಂದಕ್ಕೆ ವಿಪತ್ತು.

ಎಣಿಕೆಯಲ್ಲಿ ಯಾರನ್ನು ಸೇರಿಸಿಕೊಳ್ಳುತ್ತೇವೆಂಬುದರಿಂದ ಎಷ್ಟು ವ್ಯತ್ಯಾಸವಾಗುತ್ತದೆಂಬುದಕ್ಕೆ ಒಡಿಶಾ ರಾಜ್ಯದ ಉದಾಹರಣೆಯಿದೆ. 1999ರ ಅಕ್ಟೋಬರ್ 29ರಂದು ಅಲ್ಲಿ ಭಾರಿ ಚಂಡಮಾರುತ ಬೀಸಿ ಸುಮಾರು ಹತ್ತು ಸಾವಿರ ಜನ ಸತ್ತರು. ಗಾಳಿ ಬರುತ್ತದೆಂದು ತಿಳಿಯದೆ ಇರಲಿಲ್ಲ. ಸಮುದ್ರದ ಅಂಚಿನ ಗುಡಿಸಲುಗಳಲ್ಲಿದ್ದವರು ಹೋಗಿ ನಿಲ್ಲುವ ಗಟ್ಟಿಯಾದ ಸೂರು ಸಾಕಷ್ಟು ಇರಲಿಲ್ಲ. ಆಮೇಲೆ ಆ ರಾಜ್ಯ ವಿಪತ್ತುಗಳಿಗಾಗಿಯೇ ಒಂದು ಪ್ರಾಧಿಕಾರವನ್ನು ಸ್ಥಾಪಿಸಿತು. ಕರಾವಳಿಯ ಊರುಗಳಲ್ಲಿ ಆಶ್ರಯ ಕಟ್ಟಡಗಳನ್ನು ಕಟ್ಟಿಸಿತು. ಹಳ್ಳಿಯ ತರುಣರಿಗೆ ತರಬೇತಿ ಕೊಟ್ಟಿತು. 2013ರ ಅಕ್ಟೋಬರ್ 12ರಂದು ಫೈಲಿನ್ ಚಂಡಮಾರುತ ಗೋಪಾಲಪುರದ ಬಳಿ ದಡ ಮುಟ್ಟಿದಾಗ ಒಡಿಶಾ ಮತ್ತು ಆಂಧ್ರದ ತೀರದಿಂದ ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ಸಾಗಿಸಲಾಗಿತ್ತು. ಸತ್ತವರು ಐವತ್ತರ ಒಳಗೆ. ಹದಿನಾಲ್ಕು ವರ್ಷಗಳಲ್ಲಿ ಸಮುದ್ರವೇನೂ ಸೌಮ್ಯವಾಗಲಿಲ್ಲ. ಬದಲಾದುದು ಎಣಿಕೆ. ಗುಡಿಸಲಿನವನೂ ಲೆಕ್ಕದೊಳಕ್ಕೆ ಬಂದ.

ಹಾಗೆಂದು ಇದು ಸರ್ಕಾರಗಳ ಕೆಲಸ ಮಾತ್ರವೆಂದು ತಿಳಿಯಬೇಕಾಗಿಲ್ಲ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ, ಭೂಕಂಪದ ಕೇಂದ್ರಕ್ಕೆ ಬಲು ಹತ್ತಿರವಿದ್ದ ಇಂಡೋನೇಷ್ಯದ ಸಿಮೆಯುಲು ದ್ವೀಪದಲ್ಲಿ ಸುಮಾರು 78,000 ಜನರ ಪೈಕಿ ಸತ್ತವರು ಏಳು ಮಂದಿ. ಅಲ್ಲಿ ಯಂತ್ರವಿರಲಿಲ್ಲ, ತಂತಿಯಿರಲಿಲ್ಲ. 1907ರಲ್ಲಿ ಬಂದ ಇಂಥದೇ ಅಲೆಯ ಕಥೆಯನ್ನು ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುತ್ತ ಬಂದಿದ್ದರು: ನೆಲ ಜೋರಾಗಿ ನಡುಗಿ ಸಮುದ್ರ ಹಿಂದಕ್ಕೆ ಸರಿದರೆ ಗುಡ್ಡಕ್ಕೆ ಓಡಿ. ಅದಕ್ಕೆ ಅವರ ಮಾತಿನಲ್ಲಿ "ಸ್ಮಾಂಗ್" ಎಂದು ಹೆಸರು. ಯಾರೋ ಒಬ್ಬರು ಆ ಒಂದು ಮಾತು ಕೂಗಿದರೆ ಸಾಕು, ಎಲ್ಲರೂ ಓಡಿದರು.

ಅದನ್ನು ಓದಿದಾಗ ನನಗೆ ನಮ್ಮಜ್ಜಿಯೇ ನೆನಪಾದಳು. ಕೇಡಿನ ಮಾತು ಆಡಬೇಡವೆನ್ನುತ್ತಿದ್ದ ಆಕೆ ಕೇಡನ್ನು ಮರೆತವಳಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಮುಂದೆ ಎಷ್ಟೋ ವರ್ಷ ಮೈಸೂರು ಸೀಮೆಯ ಊರುಗಳಲ್ಲಿ ಅದು ಮರಳಿ ಮರಳಿ ಕಾಣಿಸಿಕೊಂಡಿತು. ಹುಡುಗಿಯಾಗಿದ್ದಾಗ ನಮ್ಮಜ್ಜಿ ಊರು ಬಿಟ್ಟು ಹೊಲದ ಗುಡಿಸಲಿನಲ್ಲಿ ತಿಂಗಳುಗಟ್ಟಲೆ ಇದ್ದವಳು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರು ಬಿಡಬೇಕೆಂಬುದು ಆ ಕಾಲದ ಮುನ್ಸೂಚನೆ. ಮುದುಕಿಯಾದ ಮೇಲೂ ಆಕೆ ಬೆಳಗ್ಗೆ ಎದ್ದೊಡನೆ ಅಟ್ಟವನ್ನೊಮ್ಮೆ ನೋಡದೆ ಒಲೆ ಹೊತ್ತಿಸುತ್ತಿರಲಿಲ್ಲ. ಬಾಯಿಗೆ ನಿಷೇಧವಿತ್ತು, ಕಣ್ಣಿಗಿರಲಿಲ್ಲ. ನಾವು ಆಕೆಯ "ಬಿಡ್ತು" ಎಂಬ ಮಾತನ್ನು ಇಟ್ಟುಕೊಂಡು ಅಟ್ಟ ನೋಡುವ ಅಭ್ಯಾಸವನ್ನು ಬಿಟ್ಟೆವೆಂದು ತೋರುತ್ತದೆ.

ಹಳ್ಳಿಗಳಲ್ಲಿ ಕೆರೆಗೊಬ್ಬ ನೀರುಗಂಟಿ ಇರುತ್ತಿದ್ದುದೂ ಹೀಗೆಯೇ. ತೂಬು ತೆರೆಯುವವನು ಅವನು, ಮಳೆಯ ರಾತ್ರಿ ಏರಿಯ ಮೇಲೆ ನಡೆದು ಬಿರುಕು ನೋಡುವವನು ಅವನು. ಬಹಳ ಕಡೆಗಳಲ್ಲಿ ಅವನು ಊರ ಹೊರಗಿನ ಕೇರಿಯವನು. ಊರಿಗೆ ಊರೇ ಮಲಗುತ್ತಿದ್ದುದು ಅವನ ಎಚ್ಚರದ ಮೇಲೆ; ಆದರೆ ಊರಿನ ಪಂಚಾಯಿತಿ ಕಟ್ಟೆಯ ಮೇಲೆ ಅವನಿಗೆ ಜಾಗವಿರಲಿಲ್ಲ. ನಮ್ಮ ನಕ್ಷೆಯ ಬಿಳಿಯ ಕಾಗದ ಹೊಸದೇನೂ ಅಲ್ಲ.

ಮುಂದಿನ ಸಭೆಯಲ್ಲಿ ನನ್ನ ಪಟ್ಟಿಯನ್ನು ಓದಿದೆ. ರಾಜಕಾಲುವೆಯ ಸಾಲಿಗೆ ಈಗ ಸಾಧ್ಯತೆ ನಾಲ್ಕು, ನಷ್ಟ ಐದು, ಒಟ್ಟು ಇಪ್ಪತ್ತು. ಮರ, ತಂತಿ, ಸಿಲಿಂಡರು ಎಲ್ಲವೂ ಅದರ ಕೆಳಗೆ. "ಇದು ಹೇಗೆ ಸಾಧ್ಯ? ನಮಗೆ ನೀರು ಬರುವುದೇ ಇಲ್ಲವಲ್ಲ" ಎಂದರು ಒಬ್ಬರು. ನಾನು ಆಚೆ ದಡದ ವಿಷಯ ಹೇಳಿದೆ. ಗೋಡೆಯ ವಿಷಯವನ್ನೂ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಅದು ಸಂಘದ ವ್ಯಾಪ್ತಿಗೆ ಬರುವುದಿಲ್ಲ, ಪಾಲಿಕೆಯವರು ನೋಡಿಕೊಳ್ಳಬೇಕು, ಅಲ್ಲಿ ಮನೆ ಕಟ್ಟಿದ್ದೇ ತಪ್ಪು ಎಂದು ಮೂರು ಮಂದಿ ಮೂರು ಮಾತು ಹೇಳಿದರು. ಅಲ್ಲಿ ಅವರನ್ನು ಇಟ್ಟವರು ಯಾರು, ನಮ್ಮ ಮನೆಗಳಿಗೆ ಹೂವು, ಹಾಲು, ಕಸಗುಡಿಸುವ ಕೈ ಎಲ್ಲ ಎಲ್ಲಿಂದ ಬರುತ್ತದೆ ಎಂದು ನಾನು ಕೇಳಿದೆ. ಚೆನ್ನಾಗಿಯೇ ಮಾತನಾಡಿದೆನೆಂದು ನನಗೆ ಅನ್ನಿಸಿತು.

ಆಗ ಕಡೆಯ ರಸ್ತೆಯಲ್ಲಿ ಮನೆಯಿರುವ ಹಿರಿಯರೊಬ್ಬರು, ಎಂಜಿನಿಯರಾಗಿದ್ದು ನಿವೃತ್ತರಾದವರು, ನಿಧಾನವಾಗಿ ಎದ್ದು ನಿಂತರು. "ಮೇಷ್ಟ್ರೇ, ಗೋಡೆ ತಗ್ಗಿಸಿದರೆ ನೀರು ಮಾಯವಾಗುವುದಿಲ್ಲ. ಎರಡು ದಡಕ್ಕೂ ಹಂಚಿಹೋಗುತ್ತದೆ."

"ಹಂಚಿಕೊಳ್ಳೋಣ ಸ್ವಾಮಿ" ಎಂದೆ.

"ನಿಮ್ಮ ಮನೆ ಮೇಲಿನ ಅಡ್ಡರಸ್ತೆಯಲ್ಲಿದೆ. ಹಂಚಿಕೊಳ್ಳುವುದು ನನ್ನ ಪಾಲಿಗೆ ಬರುತ್ತದೆ. ನನ್ನ ಹೆಂಡತಿ ಹಾಸಿಗೆ ಹಿಡಿದು ಎರಡು ವರ್ಷವಾಯಿತು."

ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಆಚೆಯವರ ಅಪಾಯವನ್ನು ಅವರು ಬರೆಯದೆ ಬಿಟ್ಟಂತೆ, ಇವರ ಹೆಂಡತಿಯನ್ನು ನಾನು ಬರೆಯದೆ ಬಿಟ್ಟಿದ್ದೆ. ಒಬ್ಬರ ನ್ಯಾಯವನ್ನು ಇನ್ನೊಬ್ಬರ ಖರ್ಚಿನಲ್ಲಿ ಹೇಳುವುದು ಬಲು ಸುಲಭ. ಎತ್ತರದಲ್ಲಿ ಮನೆಯಿದ್ದರೆ ಇನ್ನೂ ಸುಲಭ. ಅಪಾಯದ ಅಂದಾಜೆಂದರೆ ಕಡೆಗೂ "ನಾವು" ಎಂಬ ಮಾತಿನ ಗಡಿ ಎಲ್ಲಿಯವರೆಗೆ ಎಂದು ಗೆರೆ ಎಳೆಯುವುದು. ಗೆರೆಯನ್ನು ಆಚೆಗೆ ಸರಿಸುತ್ತೇನೆಂದು ಹೊರಟವನು ಈಚೆ ಇದ್ದವರೊಬ್ಬರ ಮೇಲೆ ಹಾಯಿಸಿಕೊಂಡು ಹೋಗಬಾರದು.

ಆದರೆ ಮಾತು ಅಲ್ಲಿಗೇ ಮುರಿಯಲಿಲ್ಲ. ಅದೇ ಹಿರಿಯರು ಮರುದಿನ ಬೆಳಗ್ಗೆ ನನ್ನೊಡನೆ ಆಚೆಯ ದಡಕ್ಕೆ ಬಂದರು. ಮೋರಿಯ ಬಳಿ ಬಗ್ಗಿ ನೋಡಿ, ಅದರ ಮೂರು ಕೊಳವೆಗಳಲ್ಲಿ ಎರಡು ಹೂಳಿನಿಂದ ಮುಚ್ಚಿಹೋಗಿವೆ, ಅವನ್ನು ಬಿಡಿಸಿದರೆ ನೀರು ಮೊದಲಿನಷ್ಟು ಏರಲಾರದು ಎಂದರು. ಪಾಲಿಕೆಗೆ ಅರ್ಜಿ ಬರೆದೆವು. ಈ ಸಲವೂ ಕರಡು ನನ್ನದೇ. ಮೊದಲನೆಯ ಸಹಿ ಹೂವಿನಾಕೆಯದು, ಎರಡನೆಯದು ಅವರದು. ಒಂದು ಕೊಳವೆ ಬಿಡಿಸಿದ್ದಾರೆ; ಇನ್ನೊಂದು ಬಾಕಿಯಿದೆ. ಬಡಾವಣೆಯ ಸಮುದಾಯ ಭವನದ ಬೀಗದ ಕೈಯ ಒಂದು ಪ್ರತಿ ಆಚೆಯ ಬೀದಿಯಲ್ಲಿ ಇರಲೆಂದು ನಾನು ಸೂಚಿಸಿದಾಗ ಸಭೆಯಲ್ಲಿ ಒಪ್ಪಲಿಲ್ಲ. ನನ್ನ ಮನೆಯಲ್ಲಿ ಇಟ್ಟುಕೊಳ್ಳಲು ಒಪ್ಪಿದರು. ಗೋಡೆಯ ವಿಷಯವನ್ನು ಮುಂದಿನ ಸಭೆಗೆ ಹಾಕಿದ್ದಾರೆ. ಮುಂದಿನ ಸಭೆ ಎಂದು ಎರಡು ಸಭೆಗಳಾದುವು. ನಕ್ಷೆಯಲ್ಲಿ ಮಾತ್ರ ಕಾಲುವೆಯ ಆಚೆ ಈಗ ಬಿಳಿಯ ಕಾಗದವಿಲ್ಲ. ಮೂವತ್ತನಾಲ್ಕು ಮನೆಗಳನ್ನು ನಾನೇ ಪೆನ್ಸಿಲಿನಲ್ಲಿ ಬರೆದಿದ್ದೇನೆ, ನಡೆಯಲಾರದ ಇಬ್ಬರ ಮನೆಗಳಿಗೆ ಗುರುತು ಹಾಕಿದ್ದೇನೆ. ಈಚೆಯ ದಡದಲ್ಲಿ ಇನ್ನೊಂದು ಮನೆಗೂ ಅದೇ ಗುರುತು ಹಾಕಿದೆ.

ಮೊನ್ನೆ ರಾತ್ರಿ ಮಳೆ ಹಿಡಿಯಿತು. ಹನ್ನೊಂದು ಗಂಟೆಯಾದರೂ ನಿಲ್ಲುವ ಲಕ್ಷಣವಿರಲಿಲ್ಲ. ಮೊದಲಾಗಿದ್ದರೆ ಇಂಥ ಮಳೆಯಲ್ಲಿ ಹೊದಿಕೆ ಎಳೆದುಕೊಂಡು ಸುಖವಾಗಿ ಮಲಗುತ್ತಿದ್ದೆ. ಈಗ ಆ ಸುಖ ಹೋಯಿತು. ಒಂದು ಅಪಾಯವನ್ನು ಬಲ್ಲವನು ಅದನ್ನು ಅರಿಯದವನಂತೆ ಮಲಗಲಾರ. ಎದ್ದು ಕಿಟಕಿಯ ಬಳಿ ನಿಂತೆ.

"ಏನು, ನಿದ್ದೆ ಬರಲಿಲ್ಲವೆ?" ಎಂದಳು ನನ್ನ ಹೆಂಡತಿ.

"ಆ ಕಲ್ಲು ಮುಳುಗಿದ್ದರೆ?" ಎಂದೆ.

"ಬಿಡ್ತು ಅನ್ನಿ" ಎಂದಳು. ಹಾಗೆನ್ನುತ್ತಲೇ ಎದ್ದು, ಮೊಳೆಗೆ ನೇತುಹಾಕಿದ್ದ ಭವನದ ಬೀಗದ ಕೈಯನ್ನೂ ಟಾರ್ಚನ್ನೂ ತಂದು ನನ್ನ ಕೈಗೆ ಕೊಟ್ಟು, ತಾನು ಕೊಡೆ ಹುಡುಕಲು ಹೋದಳು.